ದರ್ಜಿಯ ಅಳತೆ

ತಾರಿಣಿ ಏನನ್ನಾದರೂ ಕೇಳುವ ಮೊದಲು ಆ ಮಾತನ್ನು ಅಂಗೈ ಮೇಲೆ ಬೆರಳಿನಿಂದ ಬರೆದು ನೋಡಿಕೊಳ್ಳುತ್ತಿದ್ದಳು. ಅಂದೂ ಎರಡು ಸಲ ಬರೆದು, ಒರೆಸಿ, ಕೇಳಿದಳು: “ಗುರುಗಳೇ, ನಮ್ಮೂರಲ್ಲಿ ಫ್ರೆಂಚ್ ಕಲಿಯುವವರ ಮಾತುಕೂಟವೊಂದಿದೆ. ಭಾಷೆ ಪೂರ್ತಿ ಬಂದ ಮೇಲೆ ಸೇರಿದರೆ ಸಾಲದೇ?”

ಗುರುಗಳು ಕಣ್ಣು ಮುಚ್ಚಿ ಹೇಳತೊಡಗಿದರು.

ಹಡಗುಗಳು ಮೋಡದ ಹಾಗೆ ಬಂದು ಮೋಡದ ಹಾಗೆ ಕರಗುವ ಒಂದು ಊರು. ಅಲ್ಲೊಬ್ಬ ದರ್ಜಿ. ಅವನ ಒಬ್ಬಳೇ ಮಗಳು ಫ್ರೆಂಚ್ ನಾವಿಕನನ್ನು ಮದುವೆಯಾಗಿ ಕಡಲಾಚೆ ಹೋದಳು, ಅಲ್ಲೇ ತೀರಿಕೊಂಡಳು. ವರ್ಷದೊಳಗೆ ಮೊಮ್ಮಗಳು ಬರುತ್ತಾಳೆಂದು ಕಾಗದ ಬಂತು. ಆ ಮಗುವಿಗೆ ಫ್ರೆಂಚ್ ಬಿಟ್ಟು ಬೇರೆ ಮಾತು ಬಾರದು. ಅದಕ್ಕೆ ಅದರ ತಾಯಿಯ ಕತೆ ಹೇಳಬೇಕು. ದರ್ಜಿಗೆ ಬೇರೆ ಆಸೆಯೇ ಇರಲಿಲ್ಲ.

ಊರಿನ ಕೆಲವರು ಸಂಜೆ ಹಡಗು ನಿಲ್ಲುವ ದಕ್ಕೆಯ ಬಳಿ ಕೂತು ಫ್ರೆಂಚ್ ಮಾತಾಡಿ ಕಲಿಯುತ್ತಿದ್ದರು. ಮಾತಿನಲ್ಲಿ ತಪ್ಪು ಮಾಡಿದವರು ಎಲ್ಲರಿಗೂ ಒಂದೊಂದು ಹಿಡಿ ಹುರಿಗಡಲೆ ಹಂಚಬೇಕು, ಅದೇ ಕಟ್ಟಳೆ. ಮೀನು ಮಾರುವವಳೊಬ್ಬಳು ದಿನಾ ಮಡಿಲು ತುಂಬ ಕಡಲೆ ತಂದು, ಅಷ್ಟನ್ನೂ ಹಂಚಿ, ನಗುತ್ತ ಹೋಗುತ್ತಿದ್ದಳು. ಕಲಿಯಲೆಂದು ಬಂದು ಸೇರಿದ ದರ್ಜಿ ಮಾತ್ರ ಎಲ್ಲರ ಮಾತು ಕೇಳಿ, ಎಲ್ಲರ ಕಡಲೆ ತಿಂದು, ತುಟಿ ಬಿಚ್ಚದೆ ಏಳುತ್ತಿದ್ದ.

“ಏನು ದರ್ಜಿಯಣ್ಣ, ವರ್ಷವಿಡೀ ನಮ್ಮ ಕಡಲೆ ತಿಂದೆಯಲ್ಲ, ನಿನ್ನದು ಯಾವಾಗ ಮಾರಾಯ?” ಎಂದು ಅವಳು ಛೇಡಿಸಿದಳು.

“ಅಳತೆ ಸರಿಯಾಗದೆ ನಾನು ಕತ್ತರಿ ಹಾಕುವವನಲ್ಲಕ್ಕ. ಕತ್ತರಿಸಿದ್ದು ಮತ್ತೆ ಕೂಡುತ್ತದಾ?”

“ಕೂಡಿಸುವುದೇ ನಿನ್ನ ಕಸುಬಲ್ಲವಾ!”

ಹಡಗು ಬಂತು. ಮಂಜಿನೊಳಗಿಂದ ಮಗು ಇಳಿದು ಬಂತು. ಮಗಳದೇ ಹಣೆ, ಮಗಳದೇ ನಡಿಗೆ. ಅದು ಅವನ ಪಕ್ಕ ಕೂತು ತನ್ನ ಮಾತಿನಲ್ಲಿ ಕೇಳಿತು: “ತಾತಾ, ಅಮ್ಮ ಸಣ್ಣವಳಿದ್ದಾಗ ಹೇಗಿದ್ದಳು?”

ದರ್ಜಿಗೆ ಒಂದೊಂದು ಪದವೂ ತಿಳಿಯಿತು. ಉತ್ತರವನ್ನು ಮನಸ್ಸಿನಲ್ಲೇ ಅಳೆದ, ಬಿಚ್ಚಿದ, ಮತ್ತೆ ಅಳೆದ. ಮಗು ಕಾಯಿತು. ಆಮೇಲೆ ಕಡಲಿನತ್ತ ಮುಖ ತಿರುಗಿಸಿತು.

ದಾರಿಯಲ್ಲಿ ಹೋಗುತ್ತಿದ್ದ ಮೀನಿನವಳು ನಿಂತು, ತನ್ನ ಹರಕು ಫ್ರೆಂಚಿನಲ್ಲಿ ಹೇಳಿದಳು: “ನಿನ್ನಮ್ಮ... ಸಣ್ಣ ಇರುವುದು. ನನ್ನ ಮೀನು ಕದಿಯುವುದು. ಬೆಕ್ಕಿಗೆ ಕೊಡುವುದು.”

ಮಗು ಕಿಲಕಿಲ ನಕ್ಕಿತು. “ಇನ್ನೂ ಹೇಳು, ಇನ್ನೂ” ಎನ್ನುತ್ತ ಅವಳ ಸೆರಗು ಹಿಡಿದು ಹೊರಟಿತು.

ಗುರುಗಳು ಕತೆ ನಿಲ್ಲಿಸಿದರು.

“ದರ್ಜಿ ಅವರ ಹಿಂದೆ ಹೋದನೇ, ಗುರುಗಳೇ?”

“ಹೋಗಿ ಮಗುವಿಗೆ ಏನೆಂದ ಎಂಬುದನ್ನು ನೀನೇ ಹೇಳಮ್ಮ, ನಿನಗೆ ಬರುವಷ್ಟು ಫ್ರೆಂಚಿನಲ್ಲಿ.”