ಏಳು ಗುಡ್ಡದ ಪಂದ್ಯ

ಏಳು ಗುಡ್ಡ ದಾಟುವ ಪಂದ್ಯಕ್ಕೆಂದು ಗಂಡು ಮಂಗಟ್ಟೆ ಹಕ್ಕಿ ದಿನವಿಡೀ ಹಾರಿ ಅಭ್ಯಾಸ ಮಾಡುತ್ತಿತ್ತು. ಮರದ ಪೊಟರೆಯ ಬಾಯಿಗೆ ಒಂದು ಕಿಂಡಿಯಷ್ಟೇ ಬಿಟ್ಟು ಮಣ್ಣು ಮೆತ್ತಿಕೊಂಡು ಒಳಗೆ ಕೂತ ಹೆಣ್ಣಿಗೂ ಮರಿಗೂ ಅದು ತಂದ ಹಣ್ಣೇ ಊಟ.

ಒಂದು ಸಂಜೆ ಅದು ಪೊಟರೆಯ ಮುಂದೆಯೇ ಭರ್ರನೆ ಹಾದುಹೋಯಿತು. ಹಸಿದ ಮರಿ ಕಿಂಡಿಯಲ್ಲಿ ಇಣುಕಿ, "ಯಾರಮ್ಮ ಅದು, ಅಷ್ಟು ಜೋರಾಗಿ ಹೋದದ್ದು?" ಎಂದಿತು.

"ನಿಮ್ಮಪ್ಪ."

ಅದನ್ನು ಕೇಳಿ ಗಂಡು ತಿರುಗಿ ಬಂತು. "ಪಂದ್ಯ ಮುಗಿಯಲಿ, ಬೇಕಾದಷ್ಟು ತರುತ್ತೇನೆ. ಹಣ್ಣು ಹೊತ್ತರೆ ವೇಗ ಬರುವುದಿಲ್ಲ."

"ಹಾರಬೇಡ ಎನ್ನಲಿಲ್ಲ," ಎಂದಿತು ಹೆಣ್ಣು. "ಆ ಏಳರಲ್ಲಿ ಒಂದು ಗುಡ್ಡದಲ್ಲೂ ಅತ್ತಿಮರ ಇಲ್ಲವೇ?"

ಮರುದಿನದಿಂದ ಅದು ಮೂರನೆಯ ಗುಡ್ಡದಲ್ಲಿ ಇಳಿದು, ಗಂಟಲಲ್ಲಿ ಹಣ್ಣು ತುಂಬಿಕೊಂಡೇ ಹಾರಿತು.

ಪಂದ್ಯದಲ್ಲಿ ನಾಲ್ಕನೆಯದಾಗಿ ಬಂತು. ಗೆದ್ದವರ ಹೆಸರು ಕೂಗುವಾಗ ಅದು ಅಲ್ಲಿರಲಿಲ್ಲ. ದೂರದಿಂದಲೇ ರೆಕ್ಕೆಯ ಸದ್ದು ಗುರುತಿಸಿ ಕಿಂಡಿಯಲ್ಲಿ ಪುಟ್ಟ ಕೊಕ್ಕೊಂದು ತೆರೆದುಕೊಂಡಿತು: "ಅಪ್ಪ ಬಂದ!"