ತೇಜಿಹಾಳದ ನಿಂಬೆವ್ವ ಮತ್ತು ಮೂರು ಮುದಿ ಕುದುರೆಗಳು

ಬಹಳ ಹಿಂದೆ ತೇಜಿಹಾಳ ಅನ್ನೋ ಒಂದೂರಿನಲ್ಲಿ ನಿಂಬೆವ್ವ ಅಂತ ಒಬ್ಬ ಹೆಂಗಸು ಇದ್ದಳು. ಎಷ್ಟು ಹಿಂದೆ ಅಂತ ನನ್ನನ್ನು ಕೇಳಬೇಡಿ. ನಮ್ಮಜ್ಜಿ ಹೇಳುವಾಗಲೇ ಅದು ಹಳೇ ಮಾತಾಗಿತ್ತು. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಅವಳು ದೇವತೆಯಲ್ಲ, ಅವಳ ಕುದುರೆಗಳಿಗೆ ರೆಕ್ಕೆ ಇರಲಿಲ್ಲ. ಹೋದ ಸಲ ಇದೇ ಕಟ್ಟೆ ಮೇಲೆ ಕೂತು ಯಾರೋ ರೆಕ್ಕೆ ಹಚ್ಚಿದರು. ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ನಿಂಬೆವ್ವನ ಗಂಡ ದೇಸಾಯರ ಲಾಯದಲ್ಲಿ ಆಳಾಗಿದ್ದ. ಕುದುರೆ ಮುದಿಯಾದರೆ ಕುರುಚಲು ಅಡವಿಗೆ ಅಟ್ಟಿ ಬರಬೇಕು ಅನ್ನೋದು ದೇಸಾಯರ ಅಪ್ಪಣೆ. ಗಂಡ ಅಟ್ಟಿ ಬರ್ತಿದ್ದ, ಬಂದು ಉಣ್ಣದೆ ಮಲಗ್ತಿದ್ದ. ಅವನು ಸತ್ತ ವರ್ಷ ಮೂರು ಕುದುರೆಗಳನ್ನು ಅಟ್ಟಿದರಂತೆ. ನಿಂಬೆವ್ವ ಹೋಗಿ ಮೂರನ್ನೂ ಹಗ್ಗ ಹಾಕಿ ಎಳೆದು ತಂದಳಂತೆ. ನೂರು ಕುದುರೆ ಅಂತಾರೆ. ನೂರಲ್ಲ, ಮೂರು. ಒಂದು ಒಕ್ಕಣ್ಣಿನ ಸರದಾರ. ಒಂದು ಕೆಮ್ಮುವ ಬಿಳಿಯ. ಇನ್ನೊಂದು ಕಾಡಿಗೆ ಅನ್ನೋ ಕರೀ ಹೆಣ್ಣುಕುದುರೆ. ಹಿಂದೆ ನಿಂತವರನ್ನು ಅದು ಒದೆಯದೆ ಬಿಡ್ತಿರಲಿಲ್ಲ.

ಸಾಕಿದಳು ಅಂದರೆ ಮುದ್ದು ಮಾಡಿದಳು ಅಂತ ತಿಳೀಬೇಡಿ. ಹೊತ್ತು ಹುಟ್ಟಿದಾಗಿಂದ ಬೈಗುಳ. ಸರದಾರ ನೀರಿನ ಬಾನಿ ಉರುಳಿಸಿದರೆ ಬೈದಳು, ಬಿಳಿಯ ಹುರುಳಿ ಬಿಟ್ಟು ಚಾಪೆ ತಿಂದರೆ ಬೈದಳು. ಬೈಯುತ್ತಲೇ ಗೊರಸು ತೊಳೆದಳು, ಬೈಯುತ್ತಲೇ ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚಿದಳು. ಊರವರು ಅವಳ ತಲೆ ಇನ್ನಷ್ಟು ಕೆಡಿಸಿದರು. ಮಕ್ಕಳಿಗೆ ದೃಷ್ಟಿ ತಾಕದಂತೆ ಕಟ್ಟೋಕೆ ಕುದುರೆ ಬಾಲದ ಕೂದಲು ಬೇಕು ಅಂತ ದಿನಾ ಒಬ್ಬರು ಬರೋರು. "ಬಾಲ ಬೋಳಾತು, ಇನ್ನ ನನ್ನ ತುರುಬು ಕಿತ್ಕೊಂಡು ಹೋಗ್ರಿ!" ಅಂತಿದ್ದಳಂತೆ.

ಹಾಗೆ ಕೂದಲು ಕೇಳಲು ಬಂದವಳೇ ತುಳಜವ್ವ, ನೇಕಾರರ ಹೆಣ್ಣುಮಗಳು. ಸೊಂಟದ ಮೇಲೆ ಆರು ವರ್ಷದ ಮಗಳು ಅಂಬವ್ವ. ಆ ಕೂಸಿಗೆ ಕಾಲು ನಿಲ್ತಿರಲಿಲ್ಲ, ಕತ್ತು ನಿಲ್ತಿರಲಿಲ್ಲ. ಹೊತ್ತು ಹೊತ್ತು ತಾಯಿಯ ಬೆನ್ನೂ ಬಾಗಿತ್ತು. ನಿಂಬೆವ್ವ ಕಾಡಿಗೆಯ ಕಾಲು ತೊಡೆ ಮೇಲಿಟ್ಟುಕೊಂಡು ಗೊರಸು ಕೆತ್ತುತ್ತಿದ್ದಳು.

"ಕೈ ಖಾಲಿ ಇಲ್ಲ, ಕಾಣಂಗಿಲ್ಲೇನು? ಕೂಸಿನ್ನ ಎಲ್ಲೆರೆ ಇಟ್ಟು ಆ ಹಗ್ಗ ಹಿಡಿ," ಅಂದಳು.

ಎಲ್ಲಿ ಇಡೋದು? ನೆಲವೆಲ್ಲ ಲದ್ದಿ. ತುಳಜವ್ವ ಕೂಸನ್ನು ಕುದುರೆಯ ಬೆನ್ನ ಮೇಲೇ ಇಟ್ಟು ಒಂದು ಕೈಯಲ್ಲಿ ಆನಿಸಿ ಹಿಡಿದಳು. ಒದೆಯುವ ಕುದುರೆ ಅಂತ ಅವಳಿಗೇನು ಗೊತ್ತು? ನಿಂಬೆವ್ವ ತಲೆಯೆತ್ತಿ ನೋಡಿದವಳು ಕೆತ್ತೋದು ನಿಲ್ಲಿಸಿದಳು. ಕಾಡಿಗೆ ಕಿವಿ ಕೂಡ ಅಲ್ಲಾಡಿಸಲಿಲ್ಲವಂತೆ. ಅಂಬವ್ವ ಕುದುರೆಯ ಕುತ್ತಿಗೆ ಕೂದಲಲ್ಲಿ ಬೆರಳು ತೂರಿಸಿ, ನಡುಗುತ್ತಾ ನಡುಗುತ್ತಾ ಕತ್ತು ಎತ್ತಿದಳಂತೆ.

ತುಳಜವ್ವ ಪವಾಡ ಅಂತ ಕೂಗಿದಳು. "ಏನೂ ಪವಾಡ ಇಲ್ಲ. ಬೆನ್ನು ಬೆಚ್ಚಗೈತಿ, ಅದಕ್ಕ ಹಿತ ಆತು. ನಾಳೆ ಬೆಳಿಗ್ಗೆ ಕರ್ಕೊಂಡು ಬಾ," ಅಂದಳು ನಿಂಬೆವ್ವ.

ಮರುದಿನದಿಂದ ದಿನಾ ಹಿತ್ತಿಲ ತುಂಬ ಸುತ್ತು. ಒಂದು ಮಗ್ಗುಲಿಗೆ ತಾಯಿ, ಇನ್ನೊಂದು ಮಗ್ಗುಲಿಗೆ ನಿಂಬೆವ್ವ. ಕುದುರೆ ಹೆಜ್ಜೆ ಇಟ್ಟಂತೆ ಕೂಸಿನ ಸೊಂಟವೂ ಆ ಕಡೆ ಈ ಕಡೆ ಆಡ್ತಿತ್ತು, ತಾನೇ ನಡೆದ ಹಾಗೆ. ನಿಂಬೆವ್ವ ಅದನ್ನೇ ನೋಡ್ತಿದ್ದಳಂತೆ. ಮೂರು ತಿಂಗಳಿಗೆ ಅಂಬವ್ವ ಯಾರೂ ಹಿಡಿಯದೆ ಕೂತಳು. ಮಳೆಗಾಲ ಮುಗಿಯುವಾಗ ಗೋಡೆ ಹಿಡಿದು ನಿಂತಳು.

ಸುದ್ದಿ ಹಬ್ಬಿತು. ಜನ ಗಾಡಿ ಕಟ್ಟಿಕೊಂಡು ಬಂದರು. ಎಲ್ಲರಿಗೂ ಒಂದೇ ಅವಸರ, ಸಂಜೆಯೊಳಗೆ ನಡೆಸಿಕೊಡು. "ಕುದುರಿಗೆ ನಾಕ ಕಾಲ ಅದಾವಂತ ನಿಮ್ಮ ಕೂಸಿಗೆ ಎರಡು ಬಿಚ್ಚಿ ಕೊಡ್ತೈತೇನು?" ಅಂತ ಗದರಿಸಿ, ಗದರಿಸಿಕೊಂಡವರ ಕೂಸನ್ನೇ ಮೊದಲು ಹತ್ತಿಸ್ತಿದ್ದಳಂತೆ.

ಸುದ್ದಿ ದೇಸಾಯರ ವಾಡೆಗೂ ಹೋಯಿತು. ಅವರ ತಾಯಿಸಾಹೇಬರಿಗೆ ಲಕ್ವಾ ಹೊಡೆದು ಮೈಯ ಒಂದು ಕಡೆ ಬಿದ್ದುಹೋಗಿತ್ತು. ಕುದುರೆ ನಮ್ಮದೇ ತಾನೆ ಅಂತ ದೇಸಾಯರು ಆಳು ಕಳಿಸಿ ಕಾಡಿಗೆಯನ್ನು ಹೊಡೆಸಿಕೊಂಡು ಹೋದರು. ಅಟ್ಟಿದಾಗ ಯಾರದು ಅಂತ ಕೇಳಲಿಲ್ಲ, ಕೆಲಸಕ್ಕೆ ಬಂದಾಗ ತಮ್ಮದು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರೀತದೆ.

ವಾಡೆಯಲ್ಲಿ ಕಾಡಿಗೆಗೆ ಹಿತ್ತಾಳೆ ಜೀನು, ಹೂವಿನ ಹಾರ, ಮುಂದೆ ವಾದ್ಯ. ಅದು ಮೇವು ಮುಟ್ಟಲಿಲ್ಲ. ಇಬ್ಬರು ಆಳುಗಳನ್ನು ಒದೆಯಿತು, ತಾಯಿಸಾಹೇಬರನ್ನು ಹತ್ತಿರ ತರೋಕೂ ಬಿಡಲಿಲ್ಲ. ಇತ್ತ ಅಂಬವ್ವ ಬೇರೆ ಕುದುರೆ ಹತ್ತಲೊಲ್ಲೆ ಅಂತ ಹಟ ಹಿಡಿದಳು. ನಿಂತಿದ್ದ ಕೂಸು ಹದಿನೈದೇ ದಿನದಲ್ಲಿ ಮತ್ತೆ ಕುಸೀತು.

ಆಗ ನಿಂಬೆವ್ವ ಅಂಬವ್ವನನ್ನು ಸೊಂಟಕ್ಕೇರಿಸಿ, ನಡುಹಗಲಲ್ಲಿ ವಾಡೆಯ ಬಾಗಿಲಲ್ಲಿ ನಿಂತಳು. ಅಂಥ ಬಾಗಿಲಲ್ಲಿ ದನಿ ಏರಿಸಿದವರಿಗೆ ಊರು ಬಿಡಿಸ್ತಿದ್ದ ಕಾಲ ಅದು.

"ಧಣ್ಯಾರ, ಆ ಹಿತ್ತಾಳಿ ಇಳಸ್ರಿ. ಬೆನ್ನ ಮ್ಯಾಲ ಹುಣ್ಣು ಆಗಿರಬೇಕು. ಈ ವಾದ್ಯದವರನ್ನ ಹೊರಗ ಹಾಕ್ರಿ."

"ಯಾರ ಮುಂದ ಮಾತಾಡಾಕತ್ತಿ ಅನ್ನೂದು ಗೊತ್ತೈತೇನು?" ಅಂದರು ದೇಸಾಯರು.

"ಗೊತ್ತೈತ್ರಿ. ಊರು ಬಿಡಸೂದಿದ್ರ ಸಂಜಿಕ ಬಿಡಸ್ರಿ. ಈಗ ಹುಣ್ಣು ನೋಡೂಣು."

ಒಳಗೆ ಪಡಸಾಲೆಯ ಮಂಚದ ಮೇಲಿಂದ ತಾಯಿಸಾಹೇಬರು ನಕ್ಕರಂತೆ. ತಿಂಗಳುಗಟ್ಟಲೆ ಮಾತಾಡದ ಸೊಟ್ಟ ಬಾಯಿಂದ, "ಆಕಿ ಹೇಳಿದಂಗ ಮಾಡು," ಅಂದರಂತೆ. ಜೀನು ಇಳಿಸಿದರು. ಹುಣ್ಣು ಇತ್ತು. ನಿಂಬೆವ್ವ ಅಲ್ಲೇ ಕೂತು ತೊಳೆದಳು, ಕುದುರೆಗೂ ಬೈದಳು, ದೇಸಾಯರಿಗೂ ಬೈದಳು. ಕಾಡಿಗೆಯನ್ನು ಮನೆಗೆ ಕರ್ಕೊಂಡು ಬಂದು, ಹುಣ್ಣು ಮಾಯುವ ತನಕ ಯಾರನ್ನೂ ಹತ್ತಿಸಲಿಲ್ಲ. ಆಮೇಲೆ ಬೆಳಿಗ್ಗೆ ಅಂಬವ್ವನ ಸುತ್ತು, ಅದಾದ ಮೇಲೆ ತಾಯಿಸಾಹೇಬರ ಸುತ್ತು, ನಿಂಬೆವ್ವನ ಹಿತ್ತಿಲಲ್ಲೇ. ತಾಯಿಯ ಒಂದು ಮಗ್ಗುಲು ಹಿಡಿಯೋ ಕೆಲಸ ದೇಸಾಯರಿಗೆ. ಆಳು ಕಳಿಸ್ತೀನಿ ಅಂದಿದ್ದಕ್ಕೆ, "ಹಡೆದಾಕಿ ನಿಮ್ಮನ್ನೋ, ಆಳನ್ನೋ?" ಅಂದಳಂತೆ. ಜರತಾರಿ ಧೋತರ ಎತ್ತಿ ಕಟ್ಟಿಕೊಂಡು ಅವರು ಲದ್ದಿ ತುಳಿಯುತ್ತಾ ವರ್ಷಗಟ್ಟಲೆ ನಡೆದರು.

ತಾಯಿಸಾಹೇಬರು ನಡೆದರಾ, ಅಂಬವ್ವ ಓಡಿದಳಾ ಅಂತ ನೀವು ಕೇಳೇ ಕೇಳ್ತೀರಿ. ತಾಯಿಸಾಹೇಬರು ನಡೀಲಿಲ್ಲ. ನೆಟ್ಟಗೆ ಕೂತರು, ತಮ್ಮ ಕೈಯಾರೆ ತುತ್ತು ತಿಂದರು, ಸಾಯೋ ಮುಂಚೆ ಮುದಿ ಕುದುರೆ ಅಟ್ಟೋದನ್ನು ನಿಲ್ಲಿಸಿದರು. ಅಂಬವ್ವ ಓಡಲಿಲ್ಲ, ಕುಣೀಲಿಲ್ಲ. ಕೋಲು ಊರಿ, ಒಂದು ಪಾದ ಎಳೆಯುತ್ತಾ ನಡೆದಳು. ಮನೆಯಿಂದ ಬಾವಿಗೆ ಹೋಗಿ ಬರೋಕೆ ಅರ್ಧ ಬೆಳಗು ಬೇಕಾಗ್ತಿತ್ತು. ಆದರೂ ತಾನೇ ಹೋದಳು, ತಾನೇ ಬಂದಳು. ಕೇಳೋರಿಗೆ ಇಷ್ಟು ಸಾಲದು, ಅದಕ್ಕೇ ರೆಕ್ಕೆ ಹಚ್ತಾರೆ. ತುಳಜವ್ವನ ಸೊಂಟ ಖಾಲಿಯಾದ ಮೊದಲನೇ ದಿನ ಅವಳು ಬಾಗಿಲಲ್ಲಿ ನಿಂತು ಏನು ಮಾಡಿದಳೋ, ಅದನ್ನು ಯಾರೂ ಕೇಳಲ್ಲ. ಕೈ ಎಲ್ಲಿ ಇಟ್ಟುಕೊಳ್ಳಬೇಕೋ ತಿಳೀದೆ ಅತ್ತಳಂತೆ.

ಕಾಡಿಗೆ ಮುಪ್ಪಿನಿಂದ ಸತ್ತಿತು. ನಿಂಬೆವ್ವ ಅದರ ತಲೆ ತೊಡೆಯ ಮೇಲಿಟ್ಟುಕೊಂಡು, ಹೇಳದೆ ಕೇಳದೆ ಹೊರಟೆಯಾ ಅಂತ ಅದರ ಕೊನೆಯ ಉಸಿರಿನ ತನಕ ಬೈದಳು. ಆಮೇಲೆ ಮೂರು ದಿನ ಅವಳ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ಊರಿಗೆ ಊರೇ ಹೆದರಿತ್ತಂತೆ.

ತೇಜಿಹಾಳದಲ್ಲಿ ಆ ಹಿತ್ತಿಲು ಈಗಲೂ ಇದೆ. ಗುಡಿ ಕಟ್ಟಿಲ್ಲ. ಮುದಿ ಕುದುರೆ ತಂದು ಬಿಟ್ಟರೆ, ದಿನಕ್ಕೊಂದು ಮನೆಯವರು ಹುರುಳಿ ಬೇಯಿಸಿ ಹಾಕ್ತಾರೆ. ಸೊಂಟ ನಿಲ್ಲದ ಕೂಸು ಬಂದರೆ ಇಬ್ಬರು ಹಿಡಿದು ಸುತ್ತಿಸ್ತಾರೆ. ಯಾವಾಗ ನಡೀತೀಯಾ ಅಂತ ಅಲ್ಲಿ ಯಾರೂ ಕೇಳಲ್ಲ. "ಮ್ಯಾಲೆ ಕೂತು ಏನೇನ ನೋಡಿದಿ?" ಅಂತ ಕೇಳ್ತಾರೆ. ಗೋಡೆಯಾಚೆಯ ಹೊಲ, ಯಾರದೋ ಮಾಳಿಗೆ ಮೇಲೆ ಒಣಗುವ ಮೆಣಸಿನಕಾಯಿ, ದೂರದ ಗಾಡಿ, ಏನು ಕಂಡಿತೋ ಎಲ್ಲವನ್ನೂ ಕೂಸು ಹೇಳುತ್ತೆ. ಅದು ಹೇಳಿ ಮುಗಿಸುವ ತನಕ, ಎಷ್ಟೇ ಕೆಲಸ ಇದ್ದರೂ, ಎಲ್ಲರೂ ನಿಂತು ಕೇಳ್ತಾರೆ.