ತಾಮ್ರದ ಚೊಂಬು ಹಸಿರಾದದ್ದು

ಆಗಿನ್ನೂ ಕಲ್ಲುಗಳ ಮೈಬಿಸಿ ಆರಿರಲಿಲ್ಲ. ಹೊಳೆ ಎತ್ತ ಹರಿಯಬೇಕೆಂದು ತಿಳಿಯದೆ ದಿನಕ್ಕೊಂದು ದಾರಿ ಹಿಡಿಯುತ್ತಿತ್ತು. ಆ ಕಾಲದಲ್ಲಿ ತಾಮ್ರ ಬಣ್ಣಗೆಡುತ್ತಲೇ ಇರಲಿಲ್ಲ. ಇಟ್ಟಲ್ಲಿ ಕೆಂಪಗೆ ಹೊಳೆಯುತ್ತಿತ್ತು.

ಹೊಳೆಯ ದಡದಲ್ಲಿ ಸಿದ್ದಜ್ಜಿ ಎಂಬ ಮುದುಕಿ ತನ್ನ ಮೊಮ್ಮಗಳು ನಿಂಗಿಯ ಜೊತೆ ಇದ್ದಳು. ಮನೆಯಲ್ಲಿ ಎರಡೇ ಪಾತ್ರೆ. ನೀರಿಗೆ ತಾಮ್ರದ ಚೊಂಬು, ಮಜ್ಜಿಗೆಗೆ ಮಣ್ಣಿನ ಮಡಕೆ.

ಚೊಂಬಿಗೆ ಜಂಬವೋ ಜಂಬ. "ನಿನ್ನ ಮುಖಕ್ಕೆ ಮಸಿ. ನನ್ನ ಮುಖ ನೋಡು, ಸೂರ್ಯ ಇದರಲ್ಲೇ ತಲೆ ಬಾಚ್ಕೊಳ್ಳೋದು," ಎಂದು ಮಡಕೆಯನ್ನು ಆಡಿಕೊಳ್ಳುತ್ತಿತ್ತು. ಆದರೆ ಆಟ ಮುಗಿಸಿ ಬಂದ ನಿಂಗಿ ಮೊದಲು ಓಡುತ್ತಿದ್ದದ್ದು ಮಡಕೆಯ ಹತ್ತಿರ. ಅದೇ ಚೊಂಬಿಗೆ ಹೊಟ್ಟೆಕಿಚ್ಚು.

"ಅಜ್ಜಿ, ಇವತ್ತು ಮಜ್ಜಿಗೆ ನನಗೇ ಹಾಕು," ಎಂದು ಒಂದು ಬೆಳಿಗ್ಗೆ ಹಟ ಹಿಡಿಯಿತು. ಅಜ್ಜಿ ಮಡಕೆಯಲ್ಲಿದ್ದ ಮಜ್ಜಿಗೆಯನ್ನು ಚೊಂಬಿಗೆ ಬಗ್ಗಿಸಿದಳು.

ಬಿಸಿಲೇರಿತು. ಮಜ್ಜಿಗೆಯ ಹುಳಿ ಚೊಂಬಿನ ಒಳಮೈಯನ್ನು ಕೊರೆಯತೊಡಗಿತು. ಮಜ್ಜಿಗೆ ಕಹಿಯಾಗುತ್ತಿರುವುದು ಚೊಂಬಿಗೆ ಚೆನ್ನಾಗಿ ಗೊತ್ತಾಯಿತು.

"ಎಲ್ಲ ಸರಿಯಾಗಿದೆಯೇನೋ?" ಎಂದು ಗಾಳಿ ಕೇಳಿತು.

"ಸರಿಯಾಗಿದೆ," ಎಂದಿತು ಚೊಂಬು.

ಮಧ್ಯಾಹ್ನ ನಿಂಗಿ ಮಜ್ಜಿಗೆ ಕುಡಿದಳು. ಹೊಟ್ಟೆ ತೊಳಸಿ ಕುಡಿದದ್ದನ್ನೆಲ್ಲ ಕಕ್ಕಿದಳು. ಸಂಜೆಗೆ ಹುಡುಗಿ ಚೇತರಿಸಿಕೊಂಡಳು, ಅಜ್ಜಿಯ ಸಿಟ್ಟು ಮಾತ್ರ ಇಳಿಯಲಿಲ್ಲ.

"ಎಲ್ಲಾ ಈ ಹಾಳು ಮಡಕೆ ಕೆಲಸ! ಇದರಲ್ಲಿದ್ದಾಗಲೇ ಮಜ್ಜಿಗೆ ಕೆಟ್ಟಿರಬೇಕು. ಹೊಸ ಮಡಕೆ ಸುಟ್ಟ ದಿನ ಇದನ್ನ ಒಡೆದು ಹಾಕ್ತೀನಿ," ಎಂದು ಅದನ್ನು ತಿಪ್ಪೆಯ ಮೇಲಿಟ್ಟಳು.

ಮಡಕೆ ಚೊಂಬಿನ ಕಡೆ ನೋಡಿತು. ಚೊಂಬು ಬಾಯಿ ಬಿಡಲಿಲ್ಲ. ಛೀ! ಒಂದು ಮಾತು ಸಾಕಿತ್ತು. ಒಂದೇ ಒಂದು ಮಾತು.

ಮರುದಿನ ಗುಬ್ಬಿ ಬಂದು, "ಚೊಂಬಣ್ಣಾ, ನಿನ್ನಲ್ಲಿ ಮುಖ ನೋಡ್ಕೊಳ್ಳಲಾ?" ಎಂದಿತು. ನಾಚಿಕೆಯಿಂದ ಚೊಂಬಿನ ಮೈ ಕಪ್ಪಾಯಿತು.

ಅದರ ಮರುದಿನ ಹೊಳೆ, "ಯಾಕಪ್ಪಾ, ನೀರಿಗೆ ಬರಲೇ ಇಲ್ಲ?" ಎಂದಿತು. ನಾಚಿಕೆಯಿಂದ ಚೊಂಬಿನ ಅಂಚಿಗೆಲ್ಲ ಹಸಿರು ಹತ್ತಿತು.

ಆಮೇಲೆ ತಿಪ್ಪೆಯ ಮೇಲಿನ ಮಡಕೆಯೇ ಕೇಳಿತು: "ಯಾಕೆ ಹೀಗಾದೆ? ಮೈ ಹುಷಾರಿಲ್ವಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇದನ್ನು ತಡೆದುಕೊಳ್ಳಲಾಗಲಿಲ್ಲ. ಚೊಂಬಿನ ಮೈತುಂಬ ಹಸಿರು ಕಿಲುಬು ಕಟ್ಟಿತು.

ಮಾರನೆಯ ದಿನ ಹೊಸ ಮಡಕೆ ಸುಟ್ಟಾಯಿತು. ಅಜ್ಜಿ ಒನಕೆ ಹಿಡಿದು ತಿಪ್ಪೆಯತ್ತ ಹೊರಟಳು. ಚೊಂಬು ಡಣ ಡಣ ಉರುಳಿ ಬಂದು ಅವಳ ಕಾಲಿಗೆ ಅಡ್ಡ ಬಿತ್ತು.

"ಒಡೀಬೇಡಜ್ಜಿ! ಮಜ್ಜಿಗೆ ಕೆಡಿಸಿದ್ದು ನಾನು. ಕೆಡ್ತಿದೆ ಅಂತ ಗೊತ್ತಿದ್ದೂ ಹೇಳಲಿಲ್ಲ."

ಅಜ್ಜಿ ಒನಕೆ ಕೆಳಗಿಟ್ಟಳು. ಮಡಕೆಯನ್ನೆತ್ತಿ ಸೆರಗಿನಿಂದ ಒರೆಸಿ, "ತಪ್ಪಾಯ್ತು ಕಣವ್ವಾ," ಎಂದಳು. ಆಮೇಲೆ ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಚೊಂಬನ್ನು ತಿಕ್ಕತೊಡಗಿದಳು.

"ಉರಿಯುತ್ತಜ್ಜಿ!"

"ಉರೀಲಿ."

ತಿಕ್ಕಿ ತಿಕ್ಕಿ ಕಿಲುಬೆಲ್ಲ ಬಿಟ್ಟಿತು. ಚೊಂಬು ಕೆಂಪಗೆ ಹೊರಬಂತು.

"ಅಜ್ಜಿ, ನಾನು ಮಾಡಿದ್ದನ್ನ ಮರೀತೀಯಾ?"

"ಆಗಲೇ ಮರೆತೆ, ಹೋಗು," ಎಂದಳು ಅಜ್ಜಿ.

ಅಜ್ಜಿ ಮರೆತಳು, ನಿಂಗಿ ಮರೆತಳು, ಮಡಕೆಯೂ ಮರೆಯಿತು. ಚೊಂಬಿಗೆ ಮಾತ್ರ ಮರೆಯಲಾಗಲಿಲ್ಲ. ಅದಕ್ಕೇ ಮಗೂ, ನಿಮ್ಮ ಮನೆಯ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಎಷ್ಟು ಫಳಫಳ ತಿಕ್ಕಿಟ್ಟರೂ, ಯಾರೂ ಒಂದು ಮಾತು ಅನ್ನದಿದ್ದರೂ, ಸುಮ್ಮನೆ ಬಿಟ್ಟರೆ ಅದು ತನ್ನಷ್ಟಕ್ಕೆ ಮತ್ತೆ ಕಪ್ಪಾಗಿ, ಹಸಿರಾಗಿ ಮುಖ ಮುಚ್ಚಿಕೊಳ್ಳುತ್ತದೆ.